ಪಿಎಚ್ ಲೆಕ್ಕ ತಾಳೆಯಾಗದಿದ್ದಾಗ: ದುರ್ಬಲ ಆಮ್ಲದಲ್ಲಿ ದೋಷ ಹುಡುಕುವ ಬಗೆ

0.10 ಮೋಲಾರ್ (ಲೀಟರಿಗೆ 0.10 ಮೋಲ್) ಅಸಿಟಿಕ್ ಆಮ್ಲದ ಪಿಎಚ್, ಅಂದರೆ ಹೈಡ್ರೋಜನ್ ಅಯಾನಿನ ಸಾರತೆಯ ಋಣ ಲಾಗ್, 2.88. ಈ ಒಂದು ಲೆಕ್ಕಕ್ಕೆ ತಪ್ಪುತ್ತರ ಎಷ್ಟು ಬಗೆಯಲ್ಲಾದರೂ ಬರಬಹುದು ಎಂದು ತೋರುತ್ತದೆ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಬರುವ ತಪ್ಪುಗಳು ಬೆರಳೆಣಿಕೆಯಷ್ಟೇ. 1.00, 5.76, 2.38, 4.76, 6.63, 11.12. ಮತ್ತೆ ಮತ್ತೆ ಇವೇ. ಪ್ರತಿಯೊಂದೂ ತಾನು ಎಲ್ಲಿಂದ ಹುಟ್ಟಿ ಬಂದೆ ಎಂಬುದನ್ನು ಮೈಮೇಲೆ ಬರೆದುಕೊಂಡೇ ಬಂದಿರುತ್ತದೆ. ಹಾಗಾಗಿ ಲೆಕ್ಕ ತಪ್ಪಿದಾಗ ಮೊದಲಿನಿಂದ ಪೂರ್ತಿ ಮತ್ತೆ ಮಾಡುವುದಕ್ಕಿಂತ, ಬಂದ ಅಂಕಿಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡುವುದು ಲೇಸು.

ಮೊದಲು ಸರಿಯಾದ ದಾರಿಯನ್ನು ನೆನಪಿಗೆ ತಂದುಕೊಳ್ಳೋಣ. ಅಸಿಟಿಕ್ ಆಮ್ಲದ ಅಣು ನೀರಿಗೆ ಒಂದು ಪ್ರೋಟಾನನ್ನು ಕೊಟ್ಟು ತಾನು ಅಸಿಟೇಟ್ ಅಯಾನು ಆಗುತ್ತದೆ. ಅಸಿಟೇಟ್ ಆ ಪ್ರೋಟಾನನ್ನು ಮರಳಿ ಪಡೆದು ಆಮ್ಲವೂ ಆಗುತ್ತದೆ. ಎರಡೂ ಏಕಕಾಲಕ್ಕೆ, ಒಂದೇ ವೇಗದಲ್ಲಿ ನಡೆಯುವ ಸ್ಥಿತಿಯೇ ಸಮತೋಲನ. ಆಗ ಎರಡು ಅಯಾನುಗಳ ಸಾರತೆಗಳನ್ನು ಗುಣಿಸಿ, ಒಡೆಯದೆ ಉಳಿದ ಆಮ್ಲದ ಸಾರತೆಯಿಂದ ಭಾಗಿಸಿದರೆ ಸಿಗುವುದು ವಿಯೋಜನಾ ಸ್ಥಿರಾಂಕ, ಅಂದರೆ ಕೆಎ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲಕ್ಕೆ ಇದು 1.75 × 10⁻⁵. ಅದರ ಋಣ ಲಾಗ್, ಅಂದರೆ ಪಿಕೆಎ, 4.76. ಒಡೆದದ್ದು ಬಹಳ ಕಡಿಮೆ ಎಂದು ಭಾವಿಸಿದರೆ ಹೈಡ್ರೋಜನ್ ಅಯಾನಿನ ಸಾರತೆ ಕೆಎ ಮತ್ತು ಆಮ್ಲದ ಸಾರತೆಗಳ ಗುಣಲಬ್ಧದ ವರ್ಗಮೂಲ: 1.75 × 10⁻⁶ರ ವರ್ಗಮೂಲ 1.32 × 10⁻³. ಪಿಎಚ್ 2.88.

ಇದನ್ನೇ ಲಾಗ್ ಭಾಷೆಯಲ್ಲಿ ಹೇಳಿದರೆ ಬಾಯಿಲೆಕ್ಕವಾಗುತ್ತದೆ. ಅದೇ ಸಾರತೆಯ ಪ್ರಬಲ ಆಮ್ಲಕ್ಕೆ, ಅಂದರೆ ನೀರಿನಲ್ಲಿ ಪೂರ್ತಿ ಒಡೆಯುವ ಆಮ್ಲಕ್ಕೆ, ಬರುತ್ತಿದ್ದ ಪಿಎಚ್ 1.00, ಪಿಕೆಎ 4.76. ಎರಡರ ಸರಾಸರಿ 2.88. ದುರ್ಬಲ ಆಮ್ಲದ ಪಿಎಚ್ ಇವೆರಡರ ನಟ್ಟನಡುವೆ ಬೀಳುತ್ತದೆ. ಈ ಒಂದು ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ದೋಷಗಳು ಕಾಗದದ ಮೇಲೆ ಇಳಿಯುವ ಮೊದಲೇ ಸಿಕ್ಕಿಬೀಳುತ್ತವೆ.

ಅಂಕಿಯಿಂದ ದೋಷಕ್ಕೆ

5.76 ಬಂದಿದೆಯೇ? ಮೊತ್ತ ಮಾಡಿ, ಅರ್ಧ ಮಾಡುವುದನ್ನು ಬಿಟ್ಟಿದ್ದೀರಿ. ಅಂದರೆ ವರ್ಗಮೂಲ ತೆಗೆದಿಲ್ಲ. ಆಮ್ಲದ ಒಂದು ಅಣು ಒಡೆದರೆ ಎರಡು ಅಯಾನುಗಳು ಸಮಸಂಖ್ಯೆಯಲ್ಲಿ ಹುಟ್ಟುತ್ತವೆ. ಸಮೀಕರಣದ ಮೇಲ್ಭಾಗದಲ್ಲಿ ಒಂದೇ ಅಂಕಿ ಎರಡು ಸಲ ಗುಣಿಸಿಕೊಂಡು ಕೂತಿರುವುದು ಅದಕ್ಕೇ.

4.76 ಬಂದರೆ ಅದು ಲೆಕ್ಕವೇ ಅಲ್ಲ, ಕೋಷ್ಟಕದಿಂದ ಎತ್ತಿಟ್ಟ ಪಿಕೆಎ. ಆಮ್ಲ ಮತ್ತು ಅದರ ಲವಣ ಸಮಪಾಲಿನಲ್ಲಿದ್ದಾಗ ಮಾತ್ರ ಪಿಎಚ್ ಪಿಕೆಎಗೆ ಸಮ. ಬರೀ ಆಮ್ಲದ ದ್ರಾವಣಕ್ಕೆ ಅದು ಸಲ್ಲದು.

6.63 ನೋಡಲು ವಿಚಿತ್ರ, ಆದರೆ ಕಾರಣ ತೀರಾ ಸಾಮಾನ್ಯ. ಕ್ಯಾಲ್ಕುಲೇಟರಿನಲ್ಲಿ ಲಾಗ್ ಗುಂಡಿಯ ಪಕ್ಕದ ಸ್ವಾಭಾವಿಕ ಲಾಗ್ ಒತ್ತಲಾಗಿದೆ. 2.88 ಅನ್ನು 2.303ರಿಂದ ಗುಣಿಸಿ ನೋಡಿ. ತಪ್ಪು ಬೆರಳಿನದು, ತಲೆಯದಲ್ಲ.

11.12 ಎಂದರೆ 14ರಿಂದ 2.88 ಕಳೆದದ್ದು. ಆಮ್ಲದ ಲೆಕ್ಕವನ್ನು ಪ್ರತ್ಯಾಮ್ಲದ ಲೆಕ್ಕದಂತೆ ಮುಗಿಸಿದ್ದೀರಿ. ಆಮ್ಲವೊಂದನ್ನೇ ನೀರಿಗೆ ಹಾಕಿದಾಗ 25 ಡಿಗ್ರಿಯಲ್ಲಿ ಪಿಎಚ್ 7 ದಾಟಲು ದಾರಿಯೇ ಇಲ್ಲ. ಉತ್ತರ ಬರೆಯುವಾಗ ಕಣ್ಣಿಗೆ ಹೊಡೆಯಬೇಕಿತ್ತು.

2.38 ಮಾತ್ರ ತುಸು ಕಿಲಾಡಿ. ಇದಕ್ಕೆ ಎರಡು ಮೂಲಗಳಿವೆ. ಒಂದು, ಸಾರತೆಯಿಂದ ಗುಣಿಸದೆ ಕೆಎಯ ವರ್ಗಮೂಲವನ್ನಷ್ಟೇ ತೆಗೆದದ್ದು. ಇನ್ನೊಂದು, ಕ್ಯಾಲ್ಕುಲೇಟರಿನ ಘಾತದ ಗುಂಡಿ ಒತ್ತುವ ಮೊದಲು 10 ಅನ್ನು ಬೇರೆಯಾಗಿ ಗುಣಿಸಿ, ಕೆಎಯನ್ನು ಹತ್ತು ಪಟ್ಟು ಹಿಗ್ಗಿಸಿದ್ದು. ಸಾರತೆ 0.10 ಆಗಿರುವುದರಿಂದ ಎರಡೂ ಒಂದೇ ಉತ್ತರ ಕೊಡುತ್ತವೆ. ಬೇರ್ಪಡಿಸಬೇಕೆಂದರೆ ಅದೇ ಲೆಕ್ಕವನ್ನು 0.050 ಮೋಲಾರ್‌ಗೆ ಮಾಡಿಸಿ. ಸರಿಯುತ್ತರ 3.03. ಸಾರತೆಯನ್ನು ಮರೆತವರಿಗೆ ಮತ್ತೆ 2.38 ಬರುತ್ತದೆ; ಘಾತದಲ್ಲಿ ಎಡವಿದವರಿಗೆ 2.53. ದೋಷ ಹುಡುಕುವ ಕೆಲಸದಲ್ಲಿ ಇದು ನನ್ನ ಮೆಚ್ಚಿನ ಉಪಾಯ. ಎರಡು ರೋಗಗಳ ಲಕ್ಷಣ ಒಂದೇ ಆಗಿದ್ದರೆ, ಒಂದು ಅಂಕಿ ಬದಲಿಸಿ, ಯಾವುದು ಕದಲುತ್ತದೆ ನೋಡಿ.

1.00 ಬಂದಾಗ

ಮೇಲಿನವೆಲ್ಲ ಕೈತಪ್ಪುಗಳು. 1.00 ಮಾತ್ರ ತಿಳಿವಳಿಕೆಯ ತಪ್ಪು, ಅದಕ್ಕೇ ಇದರ ಬಳಿ ಸ್ವಲ್ಪ ನಿಲ್ಲಬೇಕು. ಈ ಉತ್ತರ ಬರೆದವರು ಹಾಕಿದ ಆಮ್ಲವೆಲ್ಲ ಒಡೆದಿದೆ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಒಡೆದಿರುವುದು ಶೇ 1.3. ಸಾವಿರ ಅಣುಗಳಿದ್ದರೆ ಯಾವ ಕ್ಷಣದಲ್ಲಿ ಎಣಿಸಿದರೂ ಸುಮಾರು ಹದಿಮೂರು ಅಯಾನುರೂಪದಲ್ಲಿರುತ್ತವೆ, ಉಳಿದವು ಇಡಿಯಾಗಿರುತ್ತವೆ. ಆ ಹದಿಮೂರು ಖಾಯಂ ಸದಸ್ಯರೇನಲ್ಲ. ಈಗ ಒಡೆದದ್ದು ಮರುಗಳಿಗೆ ಕೂಡಿರುತ್ತದೆ, ಅದರ ಜಾಗಕ್ಕೆ ಇನ್ನೊಂದು ಬಂದಿರುತ್ತದೆ.

ಗೊಂದಲದ ಬೇರು ಎರಡು ಪ್ರಶ್ನೆಗಳನ್ನು ಒಂದಾಗಿಸಿಕೊಳ್ಳುವುದರಲ್ಲಿದೆ. ನೀರಿನಲ್ಲಿ ಆಮ್ಲ ಎಷ್ಟಿದೆ ಎಂಬುದು ಸಾರತೆಯ ಪ್ರಶ್ನೆ. ಇರುವ ಆಮ್ಲ ಪ್ರೋಟಾನ್ ಕೊಡಲು ಎಷ್ಟು ಸಿದ್ಧವಾಗಿದೆ ಎಂಬುದು ಪ್ರಬಲತೆಯ ಪ್ರಶ್ನೆ. ಸಾರತೆಯನ್ನು ನೀರು ಬೆರೆಸಿ ನಾವು ಬದಲಿಸಬಹುದು. ಪ್ರಬಲತೆ ಆ ಪದಾರ್ಥದ ಹುಟ್ಟುಗುಣ, ನಮ್ಮ ಕೈಯಲ್ಲಿಲ್ಲ. ದಿನಬಳಕೆಯ ಮಾತಿನಲ್ಲಿ ‘ಸ್ಟ್ರಾಂಗ್’ ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುತ್ತೇವೆ, ಅಲ್ಲಿಂದಲೇ ಅನರ್ಥ ಶುರು. ನೀರಿಲ್ಲದ ಗ್ಲೇಸಿಯಲ್ ಅಸಿಟಿಕ್ ಆಮ್ಲ ಸುಮಾರು 17.4 ಮೋಲಾರ್, ಚರ್ಮಕ್ಕೆ ತಾಗಿದರೆ ಸುಡುತ್ತದೆ, ಆದರೂ ಅದು ದುರ್ಬಲ ಆಮ್ಲವೇ. 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ತೀರಾ ತೆಳು, ಆದರೂ ಪ್ರಬಲ ಆಮ್ಲವೇ.

ಈ ಎರಡನ್ನು ಬಿಡಿಸಿ ನೋಡಲು ಹತ್ತು ಪಟ್ಟು ನೀರು ಬೆರೆಸುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಪ್ರಬಲ ಆಮ್ಲವನ್ನು ಹತ್ತು ಪಟ್ಟು ತೆಳು ಮಾಡಿದರೆ ಪಿಎಚ್ ಒಂದು ಮಾನ ಏರುತ್ತದೆ: 1, 2, 3. ಅಸಿಟಿಕ್ ಆಮ್ಲದಲ್ಲಿ ಅದೇ ಕೆಲಸ ಮಾಡಿದರೆ 2.88, 3.39, 3.91. ಸುಮಾರು ಅರ್ಧರ್ಧ ಮಾನ. ಏಕೆಂದರೆ ನೀರು ಹೆಚ್ಚಿದಂತೆ ಒಡೆಯುವ ಪಾಲೂ ಹೆಚ್ಚುತ್ತದೆ: ಶೇ 1.3 ಇದ್ದದ್ದು ಶೇ 4.1 ಆಗಿ, ಶೇ 12.4 ಆಗುತ್ತದೆ. ಒಂದು ಕಣ ಎರಡಾಗುವ ಕ್ರಿಯೆಗೆ ವಿಶಾಲ ಜಾಗ ಅನುಕೂಲ. ಬೇರ್ಪಟ್ಟ ಅಯಾನುಗಳು ಮತ್ತೆ ಒಂದನ್ನೊಂದು ಸಂಧಿಸುವುದು ಅಪರೂಪವಾಗುತ್ತದೆ. ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1888ರಲ್ಲಿ ಪ್ರಕಟಿಸಿದ ತೆಳುಗೊಳಿಕೆಯ (ಡೈಲ್ಯೂಷನ್) ನಿಯಮ ಹೇಳುವುದು ಇದನ್ನೇ.

ಇಲ್ಲಿಯೇ ಇನ್ನೊಂದು ದೋಷ ತಲೆಯೆತ್ತುತ್ತದೆ. ಒಡೆಯುವ ಪಾಲು ಹೆಚ್ಚುವುದಾದರೆ ನೀರು ಬೆರೆಸಿದಷ್ಟೂ ದ್ರಾವಣ ಹೆಚ್ಚು ಆಮ್ಲೀಯವಾಗಬೇಕಲ್ಲವೇ ಎಂದು ಬುದ್ಧಿವಂತ ವಿದ್ಯಾರ್ಥಿಗಳೇ ಕೇಳುತ್ತಾರೆ. ಆಗುವುದಿಲ್ಲ. ನೂರು ಪಟ್ಟು ತೆಳುವಾದಾಗ ಪಾಲು ಒಂಬತ್ತೂವರೆ ಪಟ್ಟು ಮಾತ್ರ ಹೆಚ್ಚಿದೆ. ಒಟ್ಟು ಹೈಡ್ರೋಜನ್ ಅಯಾನು 1.31 × 10⁻³ರಿಂದ 1.24 × 10⁻⁴ಕ್ಕೆ ಇಳಿದೇ ಇಳಿಯಿತು.

ಸೂತ್ರ ಸರಿ, ಊಹೆ ತಪ್ಪು

ವರ್ಗಮೂಲದ ಸೂತ್ರ ಒಂದು ಊಹೆಯ ಮೇಲೆ ನಿಂತಿದೆ: ಒಡೆದದ್ದು ನಗಣ್ಯ, ಉಳಿದ ಆಮ್ಲ ಹಾಕಿದಷ್ಟೇ. ಊಹೆ ಮುರಿದಾಗ ಸೂತ್ರ ಗದ್ದಲ ಮಾಡುವುದಿಲ್ಲ, ಸುಮ್ಮನೆ ತಪ್ಪು ಅಂಕಿ ಕೊಡುತ್ತದೆ. ಕ್ಲೋರೋಅಸಿಟಿಕ್ ಆಮ್ಲವನ್ನು ತೆಗೆದುಕೊಳ್ಳಿ. ಪಿಕೆಎ 2.87, ಕೆಎ 1.35 × 10⁻³. ಸಾರತೆ 0.10 ಮೋಲಾರ್ ಇದ್ದಾಗ ಸೂತ್ರ 1.93 ಎನ್ನುತ್ತದೆ, ಹಾಕಿದ ಆಮ್ಲದಿಂದ ಒಡೆದದ್ದನ್ನು ಕಳೆದು ಬರೆದ ವರ್ಗಸಮೀಕರಣ ಬಿಡಿಸಿದರೆ 1.96. ಅಷ್ಟು ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈಗ ಸಾರತೆಯನ್ನು 0.0010 ಮಾಡಿ. ಸೂತ್ರದ ಪ್ರಕಾರ ಹೈಡ್ರೋಜನ್ ಅಯಾನು 1.16 × 10⁻³. ಹಾಕಿದ್ದು ನೂರು ಅಣು, ಒಡೆದದ್ದು ನೂರಹದಿನಾರು! ಕಾಗದದ ಮೇಲೆ 2.93 ಎಂದು ಸಭ್ಯವಾಗಿ ಕೂತಿರುವ ಉತ್ತರದೊಳಗೆ ಇಂಥ ಅಸಂಬದ್ಧ ಅಡಗಿರುತ್ತದೆ. ವರ್ಗಸಮೀಕರಣ ಕೊಡುವ ನಿಜ ಉತ್ತರ 3.17, ಒಡೆದ ಪಾಲು ಶೇ 67.

ಆದ್ದರಿಂದ ಉತ್ತರ ಬಂದ ಕೂಡಲೇ ಅದನ್ನು ಹಾಕಿದ ಸಾರತೆಯಿಂದ ಭಾಗಿಸಿ. ಶೇ 5ರ ಒಳಗಿದ್ದರೆ ಮುಂದೆ ಹೋಗಿ. ಮೀರಿದ್ದರೆ ವರ್ಗಸಮೀಕರಣಕ್ಕೆ ಹಿಂತಿರುಗಿ. ಲೆಕ್ಕಕ್ಕೆ ಮೊದಲೇ ತಿಳಿಯಬೇಕೆಂದರೆ ಸಾರತೆಯನ್ನು ಕೆಎಯಿಂದ ಭಾಗಿಸಿ, 400ಕ್ಕಿಂತ ಹೆಚ್ಚಿದೆಯೇ ನೋಡಿ. ಹಾಗೆಯೇ ‘ದುರ್ಬಲ ಎಂದರೆ ಸ್ವಲ್ಪವೇ ಒಡೆಯುವಂಥದ್ದು’ ಎಂಬ ಪಠ್ಯದ ಸಾಲನ್ನೂ ಹುಷಾರಾಗಿ ಓದಬೇಕು. ಮೂರರಲ್ಲಿ ಎರಡು ಪಾಲು ಒಡೆದಿದ್ದರೂ ಅದು ದುರ್ಬಲ ಆಮ್ಲವೇ, ಕೆಎ ಬದಲಾಗಿಲ್ಲ.

ತೆಳುತನದ ಇನ್ನೊಂದು ತುದಿಯಲ್ಲಿ ನೀರೇ ಅಡ್ಡ ಬರುತ್ತದೆ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಎಂದು ಬರೆದರೆ ಆಮ್ಲ ಹಾಕಿ ನೀರನ್ನು ಪ್ರತ್ಯಾಮ್ಲೀಯ ಮಾಡಿದಂತಾಯಿತು. ನೀರಿನ ಸ್ವಂತ ಅಯಾನುಗಳನ್ನು ಸೇರಿಸಿದರೆ 6.98.

ಬಹುಪ್ರೋಟಾನ್ ಆಮ್ಲಗಳ ಬಗ್ಗೆ ಒಂದೇ ಮಾತು. ಫಾಸ್ಫರಿಕ್ ಆಮ್ಲದಲ್ಲಿ ಮೂರು ಹೈಡ್ರೋಜನ್ ಇವೆಯೆಂದು ಸಾರತೆಯನ್ನು ಮೂರರಿಂದ ಗುಣಿಸಬೇಡಿ. ಅದರ ಪಿಕೆಎಗಳು 2.15, 7.20, 12.35. ಪ್ರತಿ ಮೆಟ್ಟಿಲು ಹಿಂದಿನದಕ್ಕಿಂತ ಲಕ್ಷ ಪಟ್ಟು ಕಡಿದು. ಬರೀ ಆಮ್ಲದ ದ್ರಾವಣದ ಪಿಎಚ್ ಅನ್ನು ಮೊದಲನೆಯದೇ ನಿರ್ಧರಿಸುತ್ತದೆ: 0.10 ಮೋಲಾರ್‌ಗೆ 1.63.

ಕಾಗದದಲ್ಲಿ 2.88, ಮೀಟರಿನಲ್ಲಿ 3.04

ಲೆಕ್ಕ ಸರಿಯಿದ್ದು ಉಪಕರಣ ಬೇರೆ ಹೇಳಿದಾಗ ಎಲ್ಲರೂ ಮೊದಲು ಬೈಯುವುದು ಪಿಎಚ್ ಮೀಟರನ್ನು. ನಾನೂ ಒಮ್ಮೆ ಇಡೀ ಮಧ್ಯಾಹ್ನ ಬೈದಿದ್ದೇನೆ. ಎಲೆಕ್ಟ್ರೋಡನ್ನು ತೊಳೆದೆ, 7.00 ಮತ್ತು 4.01ರ ಬಫರ್‌ಗಳಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಮತ್ತೆ ಅಳತೆ ಕೂಡಿಸಿದೆ. ಬಫರ್‌ಗಳಲ್ಲಿ ಅಂಕಿ ಕರಾರುವಾಕ್ಕಾಗಿ ನಿಲ್ಲುತ್ತಿತ್ತು. ಅಸಿಟಿಕ್ ಆಮ್ಲಕ್ಕೆ ಅದ್ದಿದರೆ ಮತ್ತೆ 3.04. ಬಫರ್ ಸರಿ ಓದುವ ಮೀಟರು ಪಕ್ಕದ ಬೀಕರನ್ನು ತಪ್ಪಾಗಿ ಓದುತ್ತದೆ ಎಂದು ನಂಬುವುದು ಕಷ್ಟ. ಹಾಗಾದರೆ ದೋಷ ದ್ರಾವಣದಲ್ಲಿರಬೇಕು.

ಸಾರತೆ ಕಡಿಮೆಯಾಗಿರಬಹುದೇ? 0.16ರಷ್ಟು ವ್ಯತ್ಯಾಸ ಬರಬೇಕಾದರೆ ಆಮ್ಲ ಅರ್ಧಕ್ಕಿಳಿದಿರಬೇಕು. ದುರ್ಬಲ ಆಮ್ಲದ ಪಿಎಚ್ ಸಾರತೆಗೆ ಅಷ್ಟೊಂದು ಮಂದವಾಗಿ ಸ್ಪಂದಿಸುತ್ತದೆ. ಸಾರತೆ ಇಮ್ಮಡಿಯಾದರೂ ಅರ್ಧವಾದರೂ ಕದಲುವುದು 0.15 ಮಾತ್ರ. ಅಷ್ಟು ದೊಡ್ಡ ಪ್ರಮಾಣದಲ್ಲಿ ಅಳತೆ ತಪ್ಪಿದ್ದೆನೇ ಎಂದು ಅನುಮಾಪನ ಮಾಡಿ, ಅಂದರೆ ಆಮ್ಲ ಮುಗಿಯಲು ಎಷ್ಟು ಪ್ರತ್ಯಾಮ್ಲ ಬೇಕೆಂದು ಅಳೆದು, ನೋಡಿದೆ. ಆಮ್ಲ ಶೇ 98ರಷ್ಟು ಇದ್ದೇ ಇತ್ತು.

ಕಳ್ಳ ಸಿಕ್ಕಿದ್ದು ಬೀಕರಿನ ತಳದಲ್ಲಿ. ಹಿಂದಿನ ಪ್ರಯೋಗದ 0.10 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು ಒಂದು ಮಿಲಿಲೀಟರ್ ಉಳಿದಿತ್ತು; ಅದರ ಮೇಲೆಯೇ ನೂರು ಮಿಲಿಲೀಟರ್ ಆಮ್ಲ ಸುರಿದಿದ್ದೆ. ಅದು ತಟಸ್ಥಗೊಳಿಸಿದ್ದು ಆಮ್ಲದ ನೂರರಲ್ಲಿ ಒಂದು ಪಾಲನ್ನು. ಆದರೆ ಆ ಒಂದು ಪಾಲು ಅಸಿಟೇಟ್ ಆಗಿ ನಿಂತಿತು. ಆಮ್ಲ ತಾನಾಗಿ ಒಡೆದು ಕೊಡುತ್ತಿದ್ದ ಅಸಿಟೇಟೇ ನೂರರಲ್ಲಿ 1.3 ಪಾಲು, ಹೊರಗಿನಿಂದ ಇನ್ನೊಂದು ಪಾಲು ಬಂದು ಸೇರಿದಾಗ ಸಮತೋಲನ ಹಿಂದಕ್ಕೆ ಸರಿಯಿತು. ಸಮಾನ ಅಯಾನು ಪರಿಣಾಮ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವುದು ಇದನ್ನೇ, ಬೀಕರಿನಲ್ಲಿ ಎದುರಾದಾಗ ಗುರುತು ಸಿಗುವುದಿಲ್ಲ. ಅದೇ ಕೊಳಕು ಬೀಕರಿಗೆ 0.10 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸುರಿದಿದ್ದರೆ ಪಿಎಚ್ 0.01ರಷ್ಟು ಕದಲುತ್ತಿತ್ತು, ನನಗೆ ತಿಳಿಯುತ್ತಲೂ ಇರಲಿಲ್ಲ.

ಹೀಗಾಗಿ ನನ್ನ ಕ್ರಮ ಇದು: ಮೊದಲು ಬಫರ್, ಆಮೇಲೆ ಅನುಮಾಪನ. ಬಫರ್ ತಪ್ಪಿದರೆ ಮೀಟರಿನ ದೋಷ. 25 ಡಿಗ್ರಿಯಲ್ಲಿ ಒಂದು ಪಿಎಚ್ ಮಾನಕ್ಕೆ ಎಲೆಕ್ಟ್ರೋಡ್ 59 ಮಿಲಿವೋಲ್ಟ್ ಆಸುಪಾಸು ಕೊಡದಿದ್ದರೆ ಅದಕ್ಕೆ ವಯಸ್ಸಾಗಿದೆ, ಇಲ್ಲವೇ ಭಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಟ್ಟು ಯಾರೋ ಕೆಡಿಸಿದ್ದಾರೆ. ಬಫರ್ ಸರಿಯಿದ್ದು ಅನುಮಾಪನದಲ್ಲಿ ಆಮ್ಲ ಕಡಿಮೆ ಬಂದರೆ ದ್ರಾವಣ ತಯಾರಿಸಿದ್ದರಲ್ಲಿ ದೋಷ. ಎರಡೂ ಸರಿಯಿದ್ದರೆ ಅಸಿಟೇಟನ್ನು ಹುಡುಕಿ. ಇನ್ನು 0.10 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಮೀಟರಿನಲ್ಲಿ 1.1ರ ಹತ್ತಿರ ತೋರಿದರೆ ಗಾಬರಿ ಬೇಡ. ಮೀಟರು ಎಣಿಸುವುದು ಅಯಾನುಗಳ ಕ್ರಿಯಾಶೀಲತೆಯನ್ನು. ಅಯಾನುಗಳು ಕಿಕ್ಕಿರಿದಾಗ ಅದು ಸಾರತೆಗಿಂತ ತುಸು ಕಡಿಮೆಯೇ ಇರುತ್ತದೆ.

ಅನುಮಾಪನದಲ್ಲಿ ಬಣ್ಣ ಬೇಗ ತಿರುಗಿದರೆ

25 ಮಿಲಿಲೀಟರ್ ಬೇಕಾಗಬೇಕಿದ್ದ ಪ್ರತ್ಯಾಮ್ಲ ಏಳೆಂಟು ಮಿಲಿಲೀಟರಿಗೇ ಸಾಕಾಯಿತು ಎಂದು ಬಂದು ಹೇಳಿದವರ ಮೇಜಿನ ಮೇಲೆ ಮೀಥೈಲ್ ಆರೆಂಜ್ ಇದೆಯೇ ಎಂದು ನೋಡುತ್ತೇನೆ. ಅದು ಬಣ್ಣ ಬದಲಿಸುವುದು 3.1ರಿಂದ 4.4ರ ನಡುವೆ. ಅಸಿಟಿಕ್ ಆಮ್ಲದ ದ್ರಾವಣ 4.4 ತಲುಪುವಾಗ ತಟಸ್ಥವಾಗಿರುವುದು ಶೇ 30 ಮಾತ್ರ. ಆಮ್ಲ ನಿಜವಾಗಿ ಮುಗಿಯುವಾಗ ದ್ರಾವಣದಲ್ಲಿರುವುದು ಸೋಡಿಯಂ ಅಸಿಟೇಟ್, ಪಿಎಚ್ 8.7ರ ಸುಮಾರು, ಅಲ್ಲಿಗೆ ಫಿನಾಲ್ಫ್ಥಲೀನ್ ಬೇಕು. ಸೂಚಕ ಬದಲಿಸಿದರೆ ದೋಷ ಮುಗಿಯಿತು.

ಆದರೆ ಕೆಲವರಿಗೆ ಆ ಏಳೆಂಟು ಮಿಲಿಲೀಟರ್ ಸಹಜವಾಗಿಯೇ ಕಾಣುತ್ತದೆ: ದುರ್ಬಲ ಆಮ್ಲವಲ್ಲವೇ, ಕಡಿಮೆ ಪ್ರತ್ಯಾಮ್ಲ ಸಾಕು ಎಂಬ ಸಮಾಧಾನ. ಇದು 1.00ರ ತಪ್ಪಿನ ತಿರುಗುಮುರುಗು ರೂಪ. ಪ್ರತ್ಯಾಮ್ಲ ಹೈಡ್ರೋಜನ್ ಅಯಾನನ್ನು ಕಿತ್ತುಕೊಂಡಂತೆಲ್ಲ ಇಡಿಯಾಗಿದ್ದ ಅಣುಗಳು ಒಡೆಯುತ್ತಾ ಬರುತ್ತವೆ, ಕೊನೆಯದರವರೆಗೂ. ಎಷ್ಟು ಪ್ರತ್ಯಾಮ್ಲ ಬೇಕು ಎಂಬುದನ್ನು ತೀರ್ಮಾನಿಸುವುದು ಸಾರತೆಯೊಂದೇ.

ಯಾವುದು ಹೆಚ್ಚು ಪ್ರಬಲ ಎಂದು ತಪ್ಪಾಗಿ ಹೇಳಿದಾಗ

ಪಿಕೆಎ ಕಡಿಮೆಯಾದಷ್ಟೂ ಆಮ್ಲ ಪ್ರಬಲ, ಒಂದು ಮಾನಕ್ಕೆ ಹತ್ತು ಪಟ್ಟು. ದಿಕ್ಕು ತಪ್ಪುವವರು ಇಲ್ಲಿ ಋಣ ಚಿಹ್ನೆಯನ್ನು ಮರೆತಿರುತ್ತಾರೆ, ಅಷ್ಟೇ.

ಕಾರಣ ಹೇಳುವಾಗ ಆಗುವ ಎಡವಟ್ಟು ಬೇರೆ. ಅಸಿಟಿಕ್ ಆಮ್ಲಕ್ಕೆ ಒಂದು ಕ್ಲೋರಿನ್ ಸೇರಿಸಿದರೆ ಪಿಕೆಎ 4.76ರಿಂದ 2.87ಕ್ಕೆ, ಎರಡು ಸೇರಿಸಿದರೆ ಸುಮಾರು 1.3ಕ್ಕೆ, ಮೂರಕ್ಕೆ 0.7ರ ಆಸುಪಾಸಿಗೆ ಇಳಿಯುತ್ತದೆ. ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದು, ಪ್ರೋಟಾನ್ ಹೋದ ಮೇಲೆ ಉಳಿಯುವ ಋಣ ಆವೇಶವನ್ನು ಹಂಚಿ ಹಗುರ ಮಾಡುತ್ತದೆ. ಇದನ್ನು ಕಲಿತವರು ಅದೇ ತರ್ಕವನ್ನು ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಹಚ್ಚಿ, ಫ್ಲೋರಿನ್ ಎಲ್ಲಕ್ಕಿಂತ ಹೆಚ್ಚು ಎಳೆಯುವುದರಿಂದ ಅದೇ ಅತಿ ಪ್ರಬಲ ಎನ್ನುತ್ತಾರೆ. ಅದರ ಪಿಕೆಎ 3.17ರಷ್ಟು, ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರಯೋಡಿಕ್ ಮೂರೂ ಪ್ರಬಲವಿರುವ ಬಳಗದಲ್ಲಿ ಇದೊಂದೇ ದುರ್ಬಲ. ಇಲ್ಲಿ ಹೈಡ್ರೋಜನ್ ನೇರವಾಗಿ ಫ್ಲೋರಿನ್ನಿಗೇ ಅಂಟಿದೆ, ಆ ಬಂಧ ಮುರಿಯಲು ಮೋಲ್‌ಗೆ ಸುಮಾರು 567 ಕಿಲೋಜೂಲ್ ಬೇಕು. ಹೈಡ್ರೋಜನ್–ಅಯೋಡಿನ್ ಬಂಧಕ್ಕೆ 298 ಸಾಕು. ದುರ್ಬಲ ಎಂದು ಓದಿ ಇದನ್ನು ಬರಿಗೈಯಲ್ಲಿ ಮುಟ್ಟುವ ಧೈರ್ಯವನ್ನು ಮಾತ್ರ ಯಾರೂ ಮಾಡಬಾರದು. ಚರ್ಮದೊಳಕ್ಕೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ.

ಆ ಮೂರು ಪ್ರಬಲ ಆಮ್ಲಗಳಲ್ಲಿ ಯಾವುದು ಹೆಚ್ಚು ಎಂದು ನೀರಿನಲ್ಲಿ ಅಳೆಯಲು ಹೋದರೆ ಎಲ್ಲವೂ ಒಂದೇ ಉತ್ತರ ಕೊಡುತ್ತವೆ. ಅದು ಪ್ರಯೋಗದ ದೋಷವಲ್ಲ. ಕೊಟ್ಟ ಪ್ರೋಟಾನನ್ನೆಲ್ಲ ನೀರು ಬಾಚಿಕೊಂಡುಬಿಡುವುದರಿಂದ ಅವುಗಳ ನಡುವಿನ ಏರಿಳಿತ ಅಳಿಸಿಹೋಗುತ್ತದೆ. ಪ್ರೋಟಾನ್ ಪಡೆಯಲು ನೀರಿಗಿಂತ ಹಿಂದೆಮುಂದೆ ನೋಡುವ ದ್ರಾವಕ, ಉದಾಹರಣೆಗೆ ಗ್ಲೇಸಿಯಲ್ ಅಸಿಟಿಕ್ ಆಮ್ಲವೇ, ಬೇಕಾಗುತ್ತದೆ.

ಚೀಟಿ ಬಿದ್ದುಹೋದ ಎರಡು ಬಾಟಲಿ

ತಿಳಿದಿದೆಯೋ ಇಲ್ಲವೋ ಎಂದು ನೋಡಲು ನಾನು ಕೊಡುವ ಕೆಲಸ ಇದು. ಎರಡು ಬಾಟಲಿ, ಎರಡರಲ್ಲೂ ಪಿಎಚ್ 2.88. ಒಂದು 0.10 ಮೋಲಾರ್ ಅಸಿಟಿಕ್ ಆಮ್ಲ, ಇನ್ನೊಂದು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಮೂಸಿ ನೋಡುವಂತಿಲ್ಲ. ಮೀಟರು ಒಂದೇ ಅಂಕಿ ತೋರಿಸುತ್ತದೆ, ಲಿಟ್ಮಸ್ ಎರಡರಲ್ಲೂ ಕೆಂಪಾಗುತ್ತದೆ. ಹತ್ತು ಪಟ್ಟು ತೆಳು ಮಾಡಿದವರಿಗೆ ಒಂದರಲ್ಲಿ 3.39, ಇನ್ನೊಂದರಲ್ಲಿ 3.88 ಸಿಗುತ್ತದೆ, ಅಲ್ಲಿಗೆ ಗುರುತು ಹತ್ತಿತು. ಬ್ಯೂರೆಟ್ ಕಡೆ ಕೈ ಹಾಕಿದವರಿಗೆ ಇನ್ನೂ ಸ್ಪಷ್ಟ. ತಲಾ 25 ಮಿಲಿಲೀಟರ್ ತೆಗೆದು, ಫಿನಾಲ್ಫ್ಥಲೀನ್ ಹಾಕಿ, 0.10 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಅಸಿಟಿಕ್ ಆಮ್ಲ ಪೂರಾ 25 ಮಿಲಿಲೀಟರ್ ಕುಡಿಯುತ್ತದೆ. ಇನ್ನೊಂದು ಏಳನೆಯ ಹನಿಗೇ ಗುಲಾಬಿಯಾಗಿರುತ್ತದೆ.